ಜೇಡ ಸಾಕುವವರೇ, ಆ ಕೋಣೆಯಲ್ಲಿ ಸೊಳ್ಳೆ ಮಷಿನ್ ಬೇಡ

ಕಳೆದ ಆಟಿ ತಿಂಗಳಲ್ಲಿ ನನ್ನ ಟರಾಂಟುಲಾ ಜೇಡ ಸತ್ತುಹೋಯಿತು. ಕೊಂದದ್ದು ಗೋಡೆಯ ಪ್ಲಗ್ಗಿನಲ್ಲಿದ್ದ ಸೊಳ್ಳೆ ಲಿಕ್ವಿಡ್ ಅಂತಲೇ ನಾನು ನಂಬಿದ್ದೇನೆ. ಬೇರೆ ಯಾವುದೂ ಬದಲಾಗಿರಲಿಲ್ಲ.

ಅದು ಪಂಪ್‌ಕಿನ್ ಪ್ಯಾಚ್. ಕೊಲಂಬಿಯಾದ ಸಣ್ಣ ಜಾತಿ. ಕಿತ್ತಳೆ ಬಣ್ಣದ ಹೊಟ್ಟೆ, ಮೇಲೆ ಕಪ್ಪು ಪಟ್ಟೆ. ನನ್ನ ಕೈಗೆ ಬಂದಾಗ ಕಡಲೆಬೇಳೆಯಷ್ಟಿತ್ತು. ತೆಂಗಿನ ನಾರಿನ ಪುಡಿ ಹಾಕಿದ ಡಬ್ಬಿ, ಬಾಟಲಿ ಮುಚ್ಚಳದಲ್ಲಿ ನೀರು, ಆಗಾಗ ಒಂದು ಜಿರಳೆ ಮರಿ. ಅಷ್ಟೇ ಸಾಕಾಗುತ್ತಿತ್ತು. ಡಬ್ಬಿ ತುಂಬ ಬಲೆ ನೇಯ್ದು ಅದರೊಳಗೆ ಕೂತಿರುತ್ತಿತ್ತು. ನಾಲ್ಕು ಸಲ ಪೊರೆ ಬಿಟ್ಟಿತ್ತು.

2019ರಲ್ಲಿ ಮಂಗಳೂರಿನಲ್ಲಿ ಡೆಂಗ್ಯೂ ಹಬ್ಬಿದ ಮೇಲೆ ನಮ್ಮ ಮನೆಯಲ್ಲಿ ಮಳೆಗಾಲ ಬಂದರೆ ಸೊಳ್ಳೆಯದ್ದೇ ಹೆದರಿಕೆ. "ನುಸಿ ಜಾಸ್ತಿ ಉಂಟು, ಮಷಿನ್ ಹಾಕಿ ಮಲಗು" ಅಂದರು ಅಮ್ಮ. ಹೊರಗೆ ಜಡಿಮಳೆ, ಕಿಟಕಿ ಮುಚ್ಚಿತ್ತು. ಐದು ರಾತ್ರಿ ಹಾಕಿದೆ.

ಆರನೇ ಬೆಳಿಗ್ಗೆ ಅದು ಬಲೆಯಿಂದ ಹೊರಗೆ ಬಂದಿತ್ತು. ಮುಂದಿನ ಕಾಲು ಎತ್ತುತ್ತದೆ, ಅದು ನಡುಗುತ್ತದೆ, ಇಟ್ಟ ಕಡೆ ನಿಲ್ಲುವುದಿಲ್ಲ. ಜಿರಳೆ ಮರಿ ಬಾಯಿಯ ಹತ್ತಿರವೇ ಹೋದರೂ ಹಿಡಿಯಲು ಆಗಲಿಲ್ಲ. ಹನಿ ನೀರು ಇಟ್ಟೆ, ಡಬ್ಬಿಯನ್ನು ಹಾಲ್‌ಗೆ ತಂದೆ. ಮೂರನೇ ದಿನ ಎಂಟೂ ಕಾಲು ಹೊಟ್ಟೆಯಡಿಗೆ ಮಡಚಿಕೊಂಡು ಹೋಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಟರಾಂಟುಲಾ ಬೆನ್ನು ಕೆಳಗೆ ಮಾಡಿ ಬಿದ್ದಿದ್ದರೆ ಸತ್ತಿದೆ ಅಂದುಕೊಳ್ಳಬೇಡಿ. ಪೊರೆ ಬಿಡುವುದು ಹಾಗೆಯೇ. ಮುಟ್ಟಬೇಡಿ, ಡಬ್ಬಿಯಲ್ಲಿ ಹುಳ ಬಿಡಲೂ ಬೇಡಿ. ಕಾಲು ಒಳಗೆ ಮಡಚಿಕೊಂಡಿದ್ದರೆ ಮಾತ್ರ ಗಾಬರಿಪಡಬೇಕು.

ಬಾಟಲಿ ತಿರುಗಿಸಿ ನೋಡಿದೆ. ಟ್ರಾನ್ಸ್‌ಫ್ಲುಥ್ರಿನ್ ಅಂತ ಬರೆದಿತ್ತು. ಪೈರೆಥ್ರಾಯ್ಡ್ ಗುಂಪಿನ ವಿಷ. ಸೇವಂತಿಗೆ ಕುಟುಂಬದ ಒಂದು ಹೂವಿನಲ್ಲಿರುವ ವಿಷದ ಮಾದರಿಯಲ್ಲೇ ಮಾಡಿದ್ದು. ಇದು ನರಗಳನ್ನು ಸುಮ್ಮನಿರಲು ಬಿಡುವುದಿಲ್ಲ, ಮತ್ತೆ ಮತ್ತೆ ಕೆರಳಿಸುತ್ತದೆ. ಆ ನಡುಕ ಅದರದ್ದೇ ಇರಬೇಕು. ಸೊಳ್ಳೆ ಯಾವುದು, ಜೇಡ ಯಾವುದು ಅಂತ ವಿಷಕ್ಕೆ ಗೊತ್ತಾಗುತ್ತದಾ? ಗಾಳಿಗೆಂದು ನಾನೇ ಕೊರೆದ ತೂತುಗಳಲ್ಲಿ ಅದು ಒಳಗೆ ಹೋಗಿದೆ. ಮಾರಿದವರು ಕೊಟ್ಟ ಚೀಟಿಯಲ್ಲಿ ಶಾಖ, ತೇವ, ಆಹಾರ ಎಲ್ಲ ಇತ್ತು, ಇದೊಂದು ಇರಲಿಲ್ಲ.

ಸೊಳ್ಳೆ ಬತ್ತಿ, ಜಿರಳೆ ಸ್ಪ್ರೇ ಕೂಡ ಬೇಡ. ಪರದೆ ಕಟ್ಟಿ, ಕಿಟಕಿಗೆ ಜಾಲರಿ ಹಾಕಿಸಿ, ಬ್ಯಾಟ್ ಬಳಸಿ. ಸೊಳ್ಳೆ ಕ್ರೀಮ್ ಹಚ್ಚಿದ ಕೈಯನ್ನು ಸೋಪು ಹಾಕಿ ತೊಳೆಯದೆ ಡಬ್ಬಿ ತೆರೆಯಬೇಡಿ. ಬೀದಿಗೆ ಫಾಗಿಂಗ್ ಬಂದಾಗ ಡಬ್ಬಿಯನ್ನು ಒಳಗಿನ ಕೋಣೆಗೆ ಒಯ್ದು ಬಾಗಿಲು ಹಾಕಿ. ಪಕ್ಕದ ಕೋಣೆಯಲ್ಲಿ ಯಾರಾದರೂ ಮಷಿನ್ ಹಾಕುತ್ತಾರಾ ಅಂತ ಇವತ್ತೇ ಕೇಳಿ.