ಮನೆ ಮನೆ ಸಮೀಕ್ಷೆಯೋ, ಮೊಬೈಲ್ ದತ್ತಾಂಶವೋ?

ಅಭಿವೃದ್ಧಿಶೀಲ ನಗರಗಳ ಸಂಚಾರವನ್ನು ಸಂಶೋಧನೆಗೆ ಆರಿಸಿಕೊಂಡವರಿಗೆ ಈ ಪ್ರಶ್ನೆ ಬೇಗನೇ ಎದುರಾಗುತ್ತದೆ. ಮೊಬೈಲ್ ಗೋಪುರಗಳ ದಾಖಲೆ ಲಕ್ಷಾಂತರ ಜನರ ಓಡಾಟವನ್ನು ಒಟ್ಟಿಗೆ ತೋರಿಸುತ್ತದೆ. ಆದರೆ ಕಂಪನಿಯ ಒಪ್ಪಿಗೆ ಬೇಕು, ಗೋಪ್ಯತೆ ಕಾಯುವ ಹೊಣೆಯೂ ಇದೆ. ಮನೆ ಸಮೀಕ್ಷೆ ನಿಧಾನ, ದುಬಾರಿ. ಆದರೂ ಯಾರು, ಏಕೆ, ಯಾವ ವಾಹನದಲ್ಲಿ ಹೋದರು ಎಂಬುದನ್ನು ಕೇಳಿಯೇ ತಿಳಿಯಬೇಕು. ಮಗುವನ್ನು ಶಾಲೆಗೆ ಬಿಟ್ಟು, ಮಾರುಕಟ್ಟೆಗೆ ನಡೆದು, ಅಲ್ಲಿಂದ ಕೆಲಸಕ್ಕೆ ಹೋಗುವ ಹೆಣ್ಣಿನ ತುಂಡು ತುಂಡು ಪ್ರಯಾಣ ಗೋಪುರದ ದಾಖಲೆಯಲ್ಲಿ ಕರಗಿಹೋಗುತ್ತದೆ. ಫೋನ್ ಇಲ್ಲದವರಂತೂ ಅಲ್ಲಿ ಲೆಕ್ಕಕ್ಕೇ ಇಲ್ಲ.

ಮಾರ್ಗಗಳಷ್ಟೇ ಬೇಕಿದ್ದರೆ ಬೇರೆ ದಾರಿಯಿದೆ: ಕೆನ್ಯಾದ ನೈರೋಬಿಯಲ್ಲಿ ವಿದ್ಯಾರ್ಥಿಗಳು ಫೋನ್ ಹಿಡಿದು ಮಟಾಟು ಎಂಬ ಖಾಸಗಿ ಮಿನಿಬಸ್‌ಗಳಲ್ಲಿ ಸಂಚರಿಸಿ ದಾಖಲಿಸಿದ ನಕ್ಷೆ 2014ರಲ್ಲಿ ಹೊರಬಂತು. ಬಡವರ ಪ್ರಯಾಣವೇ ನಿಮ್ಮ ವಿಷಯವಾದರೆ, ಸಮೀಕ್ಷೆಗೆ ಆರಿಸಿದ ಮನೆಗಳು ಕಡಿಮೆಯಾದರೂ ಸರಿ, ಮನೆ ಬಾಗಿಲಿಗೇ ಹೋಗಿ.