14 ತಿಂಗಳ ಶ್ರಿಂಕರ್ ಸಾಕ್ಸ್, ಮತ್ತು ಅದರ ಹಾಳು ಅಂಚು

ಮೊದಲು ಬೈಗುಳ ಮುಗಿಸಿಬಿಡುತ್ತೇನೆ. ಶ್ರಿಂಕರ್ ಅಂದರೆ ಕಾಲು ಕತ್ತರಿಸಿದ ಮೇಲೆ ಉಳಿದ ಭಾಗದ ಬಾವು ಇಳಿಸಲು ಹಾಕುವ ಬಿಗಿ ಸಾಕ್ಸ್. ಈ ಸಾಕ್ಸಿನ ಮೇಲಿನ ಅಂಚು ಸುರುಳಿ ಸುತ್ತುತ್ತದೆ. ಅರ್ಧ ಗಂಟೆ ಕುರ್ಚಿಯಲ್ಲಿ ಕೂತರೆ ಸಾಕು, ತೊಡೆಯಿಂದ ಜಾರಿ ಮೊಣಕಾಲಿನ ಹತ್ತಿರ ಹಗ್ಗದ ಹಾಗೆ ಬಿಗಿಯುತ್ತದೆ. ಕೆಳಗೆ ಬಿಗಿ, ಮೇಲೆ ಸಡಿಲ ಇದ್ದರೆ ತಾನೇ ಬಾವು ಇಳಿಯುವುದು? ಸುರುಳಿ ಬಿದ್ದರೆ ಎಲ್ಲ ಉಲ್ಟಾ. ಒಂದು ಮಧ್ಯಾಹ್ನ ಹಾಗೇ ನಿದ್ದೆ ಹೋಗಿದ್ದೆ. ಎದ್ದು ನೋಡಿದರೆ ಕಾಲಿನ ತುದಿ ಬದನೆಕಾಯಿ ಬಣ್ಣ.

ಸಕ್ಕರೆ ಕಾಯಿಲೆಯಿಂದ ನನ್ನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಮೊದಮೊದಲು ಕ್ರೇಪ್ ಬ್ಯಾಂಡೇಜ್ ಇತ್ತು. ಅದನ್ನು ಎಂಟರ ಆಕಾರದಲ್ಲಿ ಓರೆಯಾಗಿ ಸುತ್ತಬೇಕು, ದಿನಕ್ಕೆ ನಾಲ್ಕೈದು ಸಲ ಬಿಚ್ಚಿ ಮತ್ತೆ ಸುತ್ತಬೇಕು. ಹೊಲಿಗೆ ಬಿಚ್ಚಿ ಗಾಯ ಒಣಗಿದ ಮೇಲೆ ಡಾಕ್ಟರು ಶ್ರಿಂಕರ್ ಹಾಕಿ ಅಂದಾಗ ಹೆಂಡತಿಗೇ ಜಾಸ್ತಿ ಖುಷಿ.

ಅಂಗಡಿಯವನು ಟೇಪು ಮುಟ್ಟಲೇ ಇಲ್ಲ. "ನಿಮಗೆ ಲಾರ್ಜ್ ಆಗುತ್ತೆ ಸರ್" ಅಂದ. ನಾನೂ ಸುಮ್ನೆ 1,400 ರೂಪಾಯಿ ಕೊಟ್ಟು ಬಂದೆ. ಹಾಕಿದರೆ ತುದಿಯಲ್ಲಿ ಎರಡು ಬೆರಳು ಜಾಗ ಖಾಲಿ. ಆ ಖಾಲಿ ಜಾಗದಲ್ಲೇ ಬಾವು ತುಂಬಿಕೊಳ್ಳುತ್ತದೆ ಅಂತ ಕೃತಕ ಕಾಲು ಮಾಡುವವರು ಗದರಿದರು. ಅವರು ಅಳೆದು ಮೀಡಿಯಂ ಬರೆದುಕೊಟ್ಟರು. ಅರ್ಧ ಸುರುಳಿ ಅಲ್ಲೇ ನಿಂತಿತು. ಅಂದರೆ ನಾನು ಬೈದದ್ದರಲ್ಲಿ ಅರ್ಧ ಸಾಕ್ಸಿಗೆ ಸಲ್ಲುವುದಿಲ್ಲ.

ಪೈಪಿನ ಉಪಾಯವೂ ಅವರದ್ದೇ. ಕಾಲಿಗಿಂತ ಸ್ವಲ್ಪ ಅಗಲವಾದ ಪಿವಿಸಿ ಪೈಪಿನ ತುಂಡು ತಂದು ಅಂಚನ್ನು ಉಪ್ಪುಕಾಗದದಿಂದ ಉಜ್ಜಿದೆ. ಸಾಕ್ಸನ್ನು ಪೈಪಿನ ಮೇಲೆ ಎಳೆದಿಟ್ಟು, ಅದರ ತಳವನ್ನು ಕಾಲಿನ ತುದಿಗೆ ಒತ್ತಿ, ಪೈಪನ್ನು ಮೆಲ್ಲಗೆ ಮೇಲಕ್ಕೆ ಸರಿಸಬೇಕು. ಒಂದು ಸುಕ್ಕೂ ಇಲ್ಲದೆ ಕೂರುತ್ತದೆ. ಗಾಯದ ಗೆರೆಯ ಮೇಲೆ ಎಳೆದಾಟವಿಲ್ಲ.

ಬೆಳಿಗ್ಗೆ ಸ್ನಾನಕ್ಕೆ ಮಾತ್ರ ಬಿಚ್ಚುತ್ತಿದ್ದೆ. ಆ ಅರ್ಧ ಗಂಟೆಯ ಸುಖವೇ ಬೇರೆ. ಪಕ್ಕದಲ್ಲಿ ಕಾಫಿ (ಸಕ್ಕರೆ ಇಲ್ಲದ್ದು, ಇನ್ನೇನು). ಗಡ್ಡದ ಕನ್ನಡಿಯನ್ನು ಕೆಳಗೆ ಹಿಡಿದು ಗುಳ್ಳೆ, ಕೆಂಪು ಕಲೆ ಹುಡುಕುವುದು. ನನಗೆ ಅಲ್ಲಿ ನೋವೇ ಸರಿಯಾಗಿ ಗೊತ್ತಾಗುವುದಿಲ್ಲ, ಕಣ್ಣನ್ನೇ ನಂಬಬೇಕು. ಆಮೇಲೆ ದರ್ಜಿ ಟೇಪು. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಕಾಲಿನ ಸುತ್ತಳತೆ. ಮೂರು ತಿಂಗಳಲ್ಲಿ 37 ಸೆಂ.ಮೀ. ಇದ್ದದ್ದು 33ಕ್ಕೆ ಬಂತು.

ಎರಡು ಕೊಳ್ಳಲೇಬೇಕು, ಅಲ್ಲಿ ಜಿಪುಣತನ ಬೇಡ. ಒಗೆದದ್ದನ್ನು ಹಿಂಡಬಾರದು. ನೇತುಹಾಕಿದರೆ ಜೋಲುತ್ತದೆ, ಟವೆಲ್ ಮೇಲೆ ನೆರಳಲ್ಲಿ ಹರಡಬೇಕು. ಮಳೆಗಾಲದಲ್ಲಿ ಒಣಗಲು ಎರಡು ದಿನ.

ನಾನು ಎಣಿಸದೇ ಇದ್ದ ಲಾಭ ಒಂದಿದೆ. ಇಲ್ಲದ ಕಾಲಿನ ಹೆಬ್ಬೆರಳು ರಾತ್ರಿ ಉರಿಯುತ್ತಿತ್ತು. ಸಾಕ್ಸ್ ಬಿಗಿಯಾಗಿ ಹಿಡಿದಿದ್ದರೆ ಅದು ತೆಪ್ಪಗಿರುತ್ತದೆ. ಎಲ್ಲರಿಗೂ ಹೀಗಾಗಬೇಕೆಂದಿಲ್ಲ, ನನಗಂತೂ ನಿದ್ದೆ ಬಂತು.

ಈಗ ಹಗಲು ಕೃತಕ ಕಾಲು, ರಾತ್ರಿ ಶ್ರಿಂಕರ್. ನೆಂಟರ ಮದುವೆಯಲ್ಲಿ ಒಂದು ರಾತ್ರಿ ಹಾಕದೆ ಮಲಗಿದೆ. ಬೆಳಿಗ್ಗೆ ಬಾವು ಬಂದು ಕಾಲು ಸಾಕೆಟ್ಟಿನೊಳಗೆ (ಕೃತಕ ಕಾಲಿನ ಮೇಲ್ಭಾಗದ ಬಟ್ಟಲು) ಇಳಿಯಲಿಲ್ಲ, ಧಾರೆಯ ಹೊತ್ತಿಗೆ ಊರುಗೋಲೇ ಗತಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಉಳಿದ ಒಂದೂವರೆ ಆ ಅಂಚಿಗೆ. ನಿನ್ನೆ ಟಿವಿ ಮುಂದೆ ಕೂತಿದ್ದಾಗಲೂ ಹೆಂಡತಿ ನನ್ನ ಕಡೆ ನೋಡದೆಯೇ "ರೀ, ಹಗ್ಗ" ಅಂದಳು.