ಕಾಸರಗೋಡು ಪೇಟೆಯ ಮಹಡಿಯೋ, ಬದಿಯಡ್ಕದ ಹಂಚಿನ ಮನೆಯೋ?

ಹನ್ನೆರಡು ಮಂದಿ ಕೂರುವ ಕೋವರ್ಕಿಂಗ್ ಜಾಗಕ್ಕೆ (ಬೇರೆ ಬೇರೆ ಕೆಲಸದವರು ಬಾಡಿಗೆ ಕೊಟ್ಟು ಹಂಚಿಕೊಳ್ಳುವ ಕಚೇರಿಗೆ) ಎರಡನ್ನೂ ಬಳಸಿ ನೋಡಿದ ಮೇಲೆ ನಮ್ಮ ಓಟು ಬದಿಯಡ್ಕದ ಮನೆಗೇ. ಚೆರ್ಕಳ–ಕಲ್ಲಡ್ಕ ರಸ್ತೆಯೂ ಕುಂಬಳೆ–ಮುಳ್ಳೇರಿಯ ರಸ್ತೆಯೂ ಅಲ್ಲೇ ಸೇರುತ್ತವೆ. ಪೆರ್ಲ, ನೀರ್ಚಾಲಿನಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡುವವರನ್ನು ದಿನಾ ಪೇಟೆಗೆ ಬನ್ನಿ ಎಂದರೆ ಎರಡನೇ ತಿಂಗಳಿಗೇ ನಿಲ್ಲಿಸುತ್ತಾರೆ.

ಪೇಟೆಯ ಮಹಡಿಗೆ ರೈಲು ಹತ್ತಿರ, ಊಟಕ್ಕೂ ತೊಂದರೆಯಿಲ್ಲ. ಆದರೆ ತಾರಸಿಯ ಕೆಳಗೆ ಮಾರ್ಚಿನಿಂದ ಎಸಿ ಇಲ್ಲದೆ ಕೂರಲಾಗದು. ಒಂದೂವರೆ ಟನ್ನಿನ ಎರಡು ಎಸಿ ಎಂದರೆ ಕರೆಂಟು ಹೋದಾಗ ಜನರೇಟರೇ ಬೇಕು. ಹಂಚಿನ ಮನೆಗೆ ಕರೆಂಟು ಕಡಿಮೆ ಎಳೆಯುವ 30 ವಾಟಿನ ಐದು ಬಿಎಲ್‌ಡಿಸಿ ಫ್ಯಾನ್ ಸಾಕು. ಲ್ಯಾಪ್‌ಟಾಪ್‌ಗಳೂ ಸೇರಿ ಸುಮಾರು 800 ವಾಟ್; ಇನ್ವರ್ಟರಿಗೆ ಹಾಕುವ 150 ಎಎಚ್‌ನ (ಆಂಪಿಯರ್-ಅವರ್) ಎರಡು ಟ್ಯೂಬ್ಯುಲರ್ ಬ್ಯಾಟರಿ ಎರಡು ಗಂಟೆ ಎಳೆಯುತ್ತವೆ. ಜಡಿಮಳೆಯಲ್ಲಿ ಕಾಲ್ ಮಾತಾಡಲು ಮರದ ಮುಚ್ಚಿಗೆ ಇರುವ ಒಳಕೋಣೆಯನ್ನೇ ಬಿಟ್ಟುಕೊಡಿ.

ಹಂಚಿನ ಮನೆಯ ನಿಜವಾದ ತಲೆನೋವು ಸಿಡಿಲು. ಮಳೆಗಾಲದ ಮೊದಲಿನ ಏಪ್ರಿಲ್–ಮೇ ಸಂಜೆಗಳು, ಆಮೇಲೆ ತುಲಾ ತಿಂಗಳು (ಅಕ್ಟೋಬರ್–ನವೆಂಬರ್). ಚಾವಡಿಯಿಂದ ಹೊರಗಿನ ಕೊಟ್ಟಿಗೆ ಕೋಣೆಗೆ ಎಳೆದ 25 ಮೀಟರ್ ತಾಮ್ರದ ಲ್ಯಾನ್ ಕೇಬಲ್ ಆಂಟೆನಾದಂತೆ ಸಿಡಿಲಿನ ಹೊಡೆತ ಹಿಡಿಯುತ್ತದೆ, ಎರಡೂ ತುದಿಯ ಪೋರ್ಟುಗಳು ಒಟ್ಟಿಗೇ ಸುಡುತ್ತವೆ. ಹೊರಗಿನಿಂದ ರೌಟರ್ ಸರಿಯಿದ್ದಂತೆಯೇ ಕಾಣುತ್ತದೆ, ದೀಪವೂ ಉರಿಯುತ್ತದೆ, ಆದರೆ ಆ ಪೋರ್ಟಿನಲ್ಲಿ ನೆಟ್ ಇರುವುದಿಲ್ಲ. ಅಷ್ಟು ದೂರಕ್ಕೆ ತಾಮ್ರದ ಬದಲು ಫೈಬರ್ ಹಾಕಿ, ಎರಡು ಕಡೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಪೋರ್ಟಿಗೆ ಜೋಡಿಸುವ ಪೆಟ್ಟಿಗೆ) ಇಡಿ. ಕಂಬದಿಂದ ಬರುವ ಫೈಬರಿನ ಗಾಜು ಕರೆಂಟು ತರುವುದಿಲ್ಲ, ಅದರ ಜೊತೆಗಿರುವ ಉಕ್ಕಿನ ತಂತಿ ತರುತ್ತದೆ. ಆ ತಂತಿಯನ್ನು ಮಾತ್ರ ಮಾಡಿನ ಹೊರಗೇ ಕತ್ತರಿಸಿ ನಿಲ್ಲಿಸಿ.

ಮೇನ್ ಬೋರ್ಡಿಗೆ ಟೈಪ್ 2 ಸರ್ಜ್ ಪ್ರೊಟೆಕ್ಟರ್ (ಸಿಡಿಲಿನ ಹೊಡೆತವನ್ನು ನೆಲಕ್ಕೆ ಇಳಿಸುವ ಸಾಧನ) ಹಾಕಿದರಷ್ಟೇ ಸಾಲದು, ಅದರ ತಂತಿಗಳ ಒಟ್ಟು ಉದ್ದ ಅರ್ಧ ಮೀಟರ್ ಮೀರಬಾರದು, ಅರ್ತ್ ಗಟ್ಟಿಯಿರಬೇಕು. ನಮ್ಮ ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿ ಅರ್ತ್ ಹಿಡಿಯುವುದಿಲ್ಲ. ಬಚ್ಚಲು ನೀರು ಹರಿಯುವ ತೆಂಗಿನ ಬುಡದ ಹತ್ತಿರ ಗುಂಡಿ ತೋಡಿ, ಏಪ್ರಿಲಿನಲ್ಲೇ ಅಳೆಸಿ. ಅರ್ತಿನ ತಡೆ (ರೆಸಿಸ್ಟೆನ್ಸ್) 5 ಓಮಿಗಿಂತ ಕೆಳಗೆ ಬರಬೇಕು. ಮಳೆಗಾಲದಲ್ಲಿ ಅಳೆದ ಲೆಕ್ಕ ನಂಬಬೇಡಿ.

ಮನೆಯ ಕನೆಕ್ಷನನ್ನು ಕಮರ್ಷಿಯಲ್‌ಗೆ ಬದಲಿಸದೆ ಶುರುಮಾಡಬೇಡಿ, ಸಿಕ್ಕಿಬಿದ್ದರೆ ಇಮ್ಮಡಿ ದರದ ಬಿಲ್ಲು ಬರುತ್ತದೆ. ಹೆಸರಿನ ಬೋರ್ಡು ಕನ್ನಡ, ಮಲಯಾಳ ಎರಡರಲ್ಲೂ ಇರಲಿ.

ಮಂಜೇಶ್ವರವನ್ನು ಕೈಬಿಟ್ಟೆವು, ಅಲ್ಲಿನವರು ಮಂಗಳೂರಿಗೇ ಹೋಗುತ್ತಾರೆ. ನಿಮ್ಮಲ್ಲಿಗೆ ಬರುವವರು ಹೆಚ್ಚಾಗಿ ಕಾಞಂಗಾಡಿನಿಂದ ರೈಲಿನಲ್ಲಿ ಬರುವವರಾದರೆ ಮಾತ್ರ ಪೇಟೆಯ ಮಹಡಿ ಹಿಡಿಯಿರಿ. ಇಲ್ಲವಾದರೆ ಬದಿಯಡ್ಕವೇ ಸರಿ, ಕುರ್ಚಿ ಕೊಳ್ಳುವ ಮೊದಲು ಅರ್ತಿಗೆ ದುಡ್ಡು ಎತ್ತಿಡಿ.